ಆಯಾ ಬಿಡಿಸಿದ್ದು

ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿದ್ದ ನಮ್ಮ ಮನೆಗೆ ಎರಡೇ ಕೋಣೆ. ಮುಂದಿನದರಲ್ಲಿ ಕೂರುವುದು, ಉಣ್ಣುವುದು, ಜಗಳವಾಡುವುದು. ಹಿಂದಿನದರಲ್ಲಿ ಅಡುಗೆ ಮತ್ತು ಕಾಯಿಲೆ. ಯಾರಿಗೆ ಜ್ವರ ಬಂದರೂ ಒಲೆಯ ಪಕ್ಕದ ಗೋಡೆಗೆ ಚಾಪೆ ಹಾಸಿ ಮಲಗಿಸುತ್ತಿದ್ದರು, ಅಲ್ಲಿ ಬೆಚ್ಚಗಿರುತ್ತದೆ ಎಂದು. ಎರಡು ಕೋಣೆಗಳ ನಡುವೆ ಬಾಗಿಲಿರಲಿಲ್ಲ, ಅಮ್ಮನ ಹಳೆಯ ಸೀರೆಯೊಂದನ್ನು ಇಳಿಬಿಟ್ಟಿದ್ದರು. ಮನೆಯೊಳಗೆ ತಮಿಳು, ಹೊಸ್ತಿಲು ದಾಟಿದರೆ ಕನ್ನಡ, ತಿರುವಿನ ಮಟನ್ ಅಂಗಡಿಯಲ್ಲಿ ಉರ್ದು. ಮೂರನ್ನೂ ಕಲಸಿ ಮಾತಾಡುವುದು ನಮಗೆ ಸಲೀಸಾಗಿತ್ತು. ಓದಿಗೆ ಸಂಬಂಧಪಟ್ಟ ಮಾತು ಬಂದಾಗ ಮಾತ್ರ ಎಲ್ಲೋ ತೊಡಕಾಗುತ್ತಿತ್ತು. ತಮಿಳಿನಲ್ಲಿ ‘ಪಡಿ’ ಅಂದರೆ ಓದು. ಕನ್ನಡದಲ್ಲಿ ಪಡಿ ಅಂದರೆ ಅಳೆದು ಕೊಡುವ ಅಕ್ಕಿ. ಅಪ್ಪನ ಅಮ್ಮನನ್ನು ನಾವು ಕರೆಯುತ್ತಿದ್ದದ್ದು ಆಯಾ ಎಂದು. ಸ್ಕೂಲಿನಲ್ಲಿ ಆಯಾ ಅಂದರೆ ಕಸ ಗುಡಿಸಿ ಗಂಟೆ ಹೊಡೆಯುವವಳು. ನಮ್ಮ ಆಯಾ ನನಗೆ ದಿನಾ ಜಡೆ ಹಾಕುತ್ತಾಳೆ ಎಂದು ಒಂದನೇ ಕ್ಲಾಸಿನಲ್ಲಿ ಹೇಳಿದಾಗ, ನಮ್ಮ ಮನೆಯಲ್ಲಿ ಆಳುಕಾಳು ಇದ್ದಾರೆಂದು ತಿಳಿದು ಪಕ್ಕದ ಹುಡುಗಿ ಒಂದು ವಾರ ನನ್ನನ್ನು ಬಹಳ ಗೌರವದಿಂದ ನೋಡಿದಳು. ನಾನೂ ತಿದ್ದಲು ಹೋಗಲಿಲ್ಲ.

ಅಪ್ಪ ಶಿವಾಜಿನಗರದ ಒಂದು ಮರದಂಗಡಿಯಲ್ಲಿ ಮಂಚ, ಬೀರುಗಳಿಗೆ ಪಾಲಿಶ್ ಹಾಕುತ್ತಿದ್ದ. ಅವನ ಓದು ನಾಲ್ಕನೇ ಕ್ಲಾಸಿಗೆ ನಿಂತಿತ್ತು, ಅದೂ ತಮಿಳಿನಲ್ಲಿ. ಈ ಊರಿನಲ್ಲಿ ಯಾವ ಆಫೀಸಿಗೆ ಹೋದರೂ ಕಾಗದವೆಲ್ಲ ಕನ್ನಡದಲ್ಲೇ ಇರುತ್ತದೆ, ನನ್ನ ಮಗಳು ಯಾರನ್ನೂ ಕೇಳದೆ ಓದಿಕೊಳ್ಳಬೇಕು ಎಂದು ಹಟ ಹಿಡಿದು ನನ್ನನ್ನು ಕನ್ನಡ ಮೀಡಿಯಂಗೆ ಸೇರಿಸಿದ್ದ. ಸಂಜೆ ಬಂದವನೇ ಹಿತ್ತಲಲ್ಲಿ ಕೂತು ಕೈಗಂಟಿದ ಬಣ್ಣವನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ, ನಾನು ಎದುರಿಗೆ ನಿಂತು ಕನ್ನಡ ಪುಸ್ತಕವನ್ನು ಜೋರಾಗಿ ಓದಬೇಕಿತ್ತು. ಅವನಿಗೆ ಒಂದಕ್ಷರವೂ ಬಾರದು. ಆದರೂ ನಾನು ಸಾಲು ಹಾರಿಸಿದರೆ ಹೇಗೋ ಕಂಡುಹಿಡಿಯುತ್ತಿದ್ದ. ನಿನ್ನೆ ಇಷ್ಟು ಬೇಗ ಮುಗಿದಿರಲಿಲ್ಲವಲ್ಲ ಅನ್ನುತ್ತಿದ್ದ. ಅಮ್ಮ ಇಂದಿರಾನಗರದ ಒಂದು ಮನೆಯಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಿದ್ದಳು, ಬೆಳಗ್ಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಗಲಿನಲ್ಲಿ ಮನೆಯೆಂದರೆ ಆಯಾ ಒಬ್ಬಳೇ.

ಆಯಾಗೆ ನನ್ನ ಓದು ಹಿಡಿಸುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದೆ ಆದದ್ದಕ್ಕೆಲ್ಲ ಇದೂ ಒಂದು ಕಾರಣ. ಅವಳೇನೂ ಕೆಟ್ಟವಳಲ್ಲ. ನನ್ನ ತಟ್ಟೆಗೆ ಒಂದು ತುಂಡು ಮೀನು ಹೆಚ್ಚಿಗೆ ಹಾಕಿ, ಅದರ ಮೇಲೆ ಅನ್ನ ಮುಚ್ಚಿ ಕೊಡುತ್ತಿದ್ದವಳು. ಆದರೆ ಹೆಣ್ಣು ಮಗು ಹಗಲಿಡೀ ಬೆಂಚಿನ ಮೇಲೆ ಕೂತು ಬರುವುದು ಯಾವ ಕೆಲಸ ಎಂಬುದು ಅವಳಿಗೆ ಕೊನೆವರೆಗೂ ಅರ್ಥವಾಗಲಿಲ್ಲ. ನಾನು ಏಳನೇ ಕ್ಲಾಸಿಗೆ ಬಂದ ಮೇಲಂತೂ ದಿನಾ ಸಂಜೆ ಅಪ್ಪನ ಹತ್ತಿರ ಒಂದೇ ರಾಗ: ಇಷ್ಟು ಓದಿದ್ದು ಸಾಕು, ಅಕ್ಷರ ಬಂತಲ್ಲ, ಇನ್ನೇನು ಕಲೆಕ್ಟರ್ ಆಗಬೇಕಾ. ಅಪ್ಪ ಇನ್ನಷ್ಟು ಸೀಮೆಎಣ್ಣೆ ಸುರಿದುಕೊಂಡು ಕೈ ಉಜ್ಜುತ್ತಿದ್ದ. ನಾನು ಇನ್ನಷ್ಟು ಜೋರಾಗಿ ಓದುತ್ತಿದ್ದೆ.

ಆಯಾಗೆ ಕೈತುಂಬ ಕೆಲಸ ಬರುತ್ತಿದ್ದದ್ದು ಅವರೆಕಾಯಿಯ ಕಾಲದಲ್ಲಿ. ಮಾರ್ಕೆಟ್ಟಿನ ವ್ಯಾಪಾರಿಯೊಬ್ಬ ಮೂಟೆ ತಂದು ಹೊಸ್ತಿಲ ಬಳಿ ಇಳಿಸುತ್ತಿದ್ದ. ಅವಳು ಬಾಗಿಲಲ್ಲೇ ಕಾಲು ಚಾಚಿ ಕೂತು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕಾಳು ಬಿಡಿಸುತ್ತಿದ್ದಳು. ಅವಳ ಹೆಬ್ಬೆರಳಿನ ಉಗುರು ಆ ಎರಡು ಮೂರು ತಿಂಗಳು ಕಪ್ಪಾಗಿರುತ್ತಿತ್ತು. ಅವಳ ಕನ್ನಡವೆಲ್ಲ ಆ ಹೊಸ್ತಿಲ ಮೇಲೆ ಕಲಿತದ್ದು. ವ್ಯಾಪಾರಿಯ ಜೊತೆ, ಹಾಲಿನವನ ಜೊತೆ, ಹೂವಿನವಳ ಜೊತೆ ಚೌಕಾಸಿ ಮಾಡುತ್ತ ಕಲಿತ ಕನ್ನಡ; ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಅದರಲ್ಲಿ ಅವಳು ಅತಿ ಹೆಚ್ಚು ಬಳಸುತ್ತಿದ್ದ ಮಾತು ‘ಬಿಡಿಸು’. ಅದೇ ಮಾತು ಸ್ಕೂಲಿನಲ್ಲಿ ನನಗೆ ಬೇರೆ ಬೇರೆ ವೇಷದಲ್ಲಿ ಎದುರಾಗುತ್ತಿತ್ತು. ಲೆಕ್ಕ ಬಿಡಿಸು. ಚಿತ್ರ ಬಿಡಿಸು. ಒಗಟು ಬಿಡಿಸು. ಅರ್ಥವಾಗದಿದ್ದರೆ ಮಿಸ್ ಬಿಡಿಸಿ ಹೇಳುತ್ತಿದ್ದರು. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಬೇಕಿತ್ತು. ನಾಲ್ಕು ಗಂಟೆಗೆ ಸ್ಕೂಲು ಬಿಡುತ್ತಿತ್ತು. ಮತ್ತೆ ಪ್ರತಿ ವರ್ಷ ಅವರೆಕಾಯಿಯ ಕಾಲ ಬಂತೆಂದರೆ ನಮ್ಮ ಕ್ಲಾಸಿನಿಂದ ಒಬ್ಬಿಬ್ಬರು ಹುಡುಗಿಯರು ಕಾಣೆಯಾಗುತ್ತಿದ್ದರು. ಅವರನ್ನು ಸ್ಕೂಲು ಬಿಡಿಸಿದರಂತೆ ಎಂದು ಉಳಿದವರು ಪಿಸುಗುಟ್ಟುತ್ತಿದ್ದೆವು. ಇಪ್ಪತ್ತೆಂಟು ವರ್ಷ ನಾನು ಕೃಷ್ಣರಾಜಪುರದ ಕಡೆ ಮಕ್ಕಳಿಗೆ ಕನ್ನಡ ಪಾಠ ಹೇಳಿದ್ದೇನೆ. ಈ ಒಂದು ಕ್ರಿಯಾಪದ ಬಂದ ದಿನ ಮಾತ್ರ ನನ್ನ ಪಾಠ ಬೇಗ ಮುಗಿದುಹೋಗುತ್ತಿತ್ತು.

ಏಳನೇ ಕ್ಲಾಸಿಗೆ ಆಗ ಪಬ್ಲಿಕ್ ಪರೀಕ್ಷೆ. ಆ ವರ್ಷದ ಅವರೆ ಕಾಲದಲ್ಲೇ ನನಗೆ ಕಾಮಾಲೆಯಾಯಿತು. ಕಣ್ಣು ಅರಿಸಿನ, ಉಗುರು ಅರಿಸಿನ. ಒಲೆಯ ಪಕ್ಕ ಚಾಪೆ ಬಿತ್ತು. ಬೆಳಗ್ಗೆ ಬರಿ ಹೊಟ್ಟೆಗೆ ಅರೆದ ಸೊಪ್ಪನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಸುತ್ತಿದ್ದರು, ಆಮೇಲೆ ಉಪ್ಪಿಲ್ಲದ ಗಂಜಿ. ಪಕ್ಕದ ಗಲ್ಲಿಯಿಂದ ನಮ್ಮ ಸ್ಕೂಲಿಗೇ ಹೋಗುತ್ತಿದ್ದ ಹುಡುಗಿಯ ಹತ್ತಿರ, ನಮ್ಮ ಸೆಲ್ವಿಗೆ, ಅಂದರೆ ನನಗೆ, ಹುಷಾರಿಲ್ಲ ಎಂದು ಮಿಸ್‌ಗೆ ಹೇಳು ಎಂದು ಅಮ್ಮ ಹೇಳಿ ಕಳಿಸಿದ್ದಳು. ಚೀಟಿ ಬರೆದು ಕಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮನೆಯಲ್ಲಿ ಕನ್ನಡ ಬರೆಯಬಲ್ಲವಳು ನಾನೊಬ್ಬಳೇ, ನಾನು ಮಲಗಿದ್ದೆ. ನಮ್ಮ ಕ್ಲಾಸ್ ಟೀಚರ್ ವಿಮಲಾ ಮಿಸ್ ಆ ಮಾತನ್ನು ನಂಬಲಿಲ್ಲವೆಂದು ಕಾಣುತ್ತದೆ. ಅವರೆ ಕಾಲದಲ್ಲಿ ಹುಷಾರು ತಪ್ಪುವ ಹುಡುಗಿಯರನ್ನು ಅವರು ಬೇಕಾದಷ್ಟು ನೋಡಿದ್ದರು. ಮೂರನೇ ವಾರ, ಸ್ಕೂಲು ಮುಗಿಸಿಕೊಂಡು ಮನೆಗೆ ಹೋಗುವ ದಾರಿಯಲ್ಲಿ ಅವರೇ ನಮ್ಮ ಗಲ್ಲಿಗೆ ಬಂದರು.

ಆಗ ನಾಲ್ಕೂವರೆ ಇರಬಹುದು. ಗಲ್ಲಿಯ ತುಂಬ ಯೂನಿಫಾರ್ಮಿನ ಮಕ್ಕಳು ಕೂಗಾಡುತ್ತಿದ್ದದ್ದು ನನಗೆ ಕೇಳುತ್ತಿತ್ತು. ಆಯಾ ಬಾಗಿಲಲ್ಲಿ ಮೊರದ ಮುಂದೆ. ಅವಳು ವಿಮಲಾ ಮಿಸ್ಸನ್ನು ಯಾವತ್ತೂ ನೋಡಿದವಳಲ್ಲ. ಮಿಸ್ ತಾವು ಯಾರೆಂದು ಹೇಳಲಿಲ್ಲ, ಸೆಲ್ವಿ ಮನೆ ಇದೇನಾ ಎಂದಷ್ಟೇ ಕೇಳಿದರು. ಆಮೇಲೆ ನಡೆದ ಮಾತು ನನಗೆ ಇವತ್ತಿಗೂ ಹಾಗೆಯೇ ಬಾಯಿಗೆ ಬರುತ್ತದೆ.

‘ಹುಡುಗೀನ ಸ್ಕೂಲಿಗೆ ಕಳ್ಸಲ್ವೇನಮ್ಮ?’

‘ಸ್ಕೂಲ್ ಬಿಟ್ಟಾಯ್ತಲ್ಲಮ್ಮ.’

‘ಬಿಟ್ಟಾಯ್ತಾ? ಯಾರು ಬಿಡ್ಸಿದ್ದು?’

‘ನಾನೇ ಬಿಡ್ಸಿದ್ದು. ಇನ್ಯಾರು ಬಿಡಿಸ್ತಾರೆ?’

‘ಅವರಪ್ಪ ಏನೂ ಅನ್ಲಿಲ್ವಾ?’

‘ಅವನೇನ್ ಅಂತಾನೆ. ಅವನ್ ಕೆಲ್ಸ ಅವನಿಗೆ.’

‘ಸರಿ. ಹಾಗಾದ್ರೆ ಹೆಸ್ರು ತೆಗೀತೀವಿ.’

‘ಹೆಸ್ರು ಇಲ್ಲಮ್ಮ, ಅವರೆ ಒಂದೇ.’

ಆಯಾ ಅಂದುಕೊಂಡದ್ದು ಹೀಗೆ: ಈ ಹೊತ್ತಿನಲ್ಲಿ ಸ್ಕೂಲಿಗೆ ಕಳಿಸುವುದೆಂತು, ಮಕ್ಕಳೆಲ್ಲ ವಾಪಸ್ಸು ಬರುತ್ತಿದ್ದಾರೆ. ತಮಿಳಿನಲ್ಲಿ ‘ಸ್ಕೂಲ್ ವಿಟ್ಟಾಚ್ಚು’ ಅಂದರೆ ಇವತ್ತಿಗೆ ಸ್ಕೂಲು ಮುಗಿಯಿತು ಎಂದು. ಅದನ್ನೇ ಪದಕ್ಕೆ ಪದ ಕನ್ನಡಕ್ಕೆ ತಂದಿದ್ದಳು. ಬಿಡಿಸಿದ್ದು ಯಾರು ಅಂದರೆ ಮೊರದಲ್ಲಿದ್ದ ಕಾಳು, ಇನ್ನೇನು. ಹೆಸರು ಅಂದರೆ ಹೆಸರುಕಾಳು, ಬಂದವಳು ಅದನ್ನು ಕೊಳ್ಳಲು ಕೇಳುತ್ತಿದ್ದಾಳೆ ಎಂದು. ಮಿಸ್ ಕೇಳಿಸಿಕೊಂಡದ್ದು, ಎರಡು ಮೂಟೆ ಅವರೆಕಾಯಿಯ ನಡುವೆ ಕೂತ ಒಬ್ಬ ಮುದುಕಿ ಮೊಮ್ಮಗಳನ್ನು ಸ್ಕೂಲು ಬಿಡಿಸಿದವಳು ನಾನೇ ಎಂದು ಎದೆ ಸೆಟೆಸಿ ಹೇಳಿದ್ದನ್ನು. ಕೊನೆಯ ಮಾತು ಅವರ ಕಿವಿಗೆ ಬಿತ್ತೋ ಇಲ್ಲವೋ, ಅವರು ಆಗಲೇ ತಿರುಗಿ ಹೊರಟಿದ್ದರು.

ಎರಡೂ ಅರ್ಥ ಆ ಮನೆಯಲ್ಲಿ ಒಬ್ಬಳಿಗೇ ಗೊತ್ತಾದದ್ದು, ಸೀರೆಯ ಪರದೆಯ ಹಿಂದೆ ಚಾಪೆಯ ಮೇಲಿದ್ದ ನನಗೆ. ಮಿಸ್ಸಿನ ದನಿ ಮೊದಲ ಮಾತಿಗೇ ಗುರುತು ಸಿಕ್ಕಿತ್ತು. ಎದ್ದು ಕೂತು ಮಿಸ್ ಎಂದು ಒಂದು ಸಲ ಕೂಗಿದ್ದರೆ ಸಾಕಿತ್ತು. ಹೆಸರುಕಾಳಿನ ಮಾತಿಗೆ ನನಗೆ ನಗು ಉಕ್ಕಿ ಬಂತು, ಹೊದಿಕೆಯನ್ನು ಬಾಯಿಗೆ ತುರುಕಿಕೊಂಡೆ. ನಗು ಇಳಿದ ಮೇಲೂ ಕೂಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಆ ಗಳಿಗೆಯಲ್ಲಿ ಹಾಯೆನಿಸಿತು. ಮೂರು ವಾರದ ಪಾಠ ಹೋಗಿತ್ತು. ಲೆಕ್ಕದ ಮೇಷ್ಟ್ರು ಬೋರ್ಡಿನ ಮುಂದೆ ನಿಲ್ಲಿಸಿ ಬಡ್ಡಿ ಲೆಕ್ಕ ಬಿಡಿಸು ಅನ್ನುತ್ತಾರೆ, ನಾನು ಸೀಮೆಸುಣ್ಣ ಹಿಡಿದು ನಿಂತಿರಬೇಕು, ಹಿಂದಿನಿಂದ ಹುಡುಗರು ನಗಬೇಕು. ಅದೆಲ್ಲ ಇನ್ನಿಲ್ಲ, ನನ್ನ ಹೆಸರನ್ನೇ ತೆಗೆದುಬಿಡುತ್ತಾರೆ ಎಂದು ಸಮಾಧಾನದಿಂದ ಗೋಡೆಯ ಕಡೆ ತಿರುಗಿ ಮಲಗಿದೆ. ಹೆಸರು ತೆಗೆಯುವುದೆಂದರೆ ಏನೆಂದು ಹನ್ನೆರಡು ವರ್ಷದವಳಿಗೆ ತಿಳಿಯದೇ ಇರಲಿಲ್ಲ. ತಿಳಿದೇ ಸುಮ್ಮನಿದ್ದೆ.

ಮತ್ತೆ ಹತ್ತು ದಿನಕ್ಕೆ ಕಣ್ಣು ಬೆಳ್ಳಗಾಯಿತು. ಸ್ಕೂಲಿಗೆ ಹೋದರೆ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಕೆಂಪು ಗೆರೆ. ಪಬ್ಲಿಕ್ ಪರೀಕ್ಷೆಗೆ ಕೂರುವವರ ಪಟ್ಟಿ ಮೇಲಿನ ಆಫೀಸಿಗೆ ಹೋಗಿಯಾಗಿತ್ತು, ಅದರಲ್ಲಿ ನಾನಿರಲಿಲ್ಲ. ಮನೆಯವರನ್ನು ಕರೆದುಕೊಂಡು ಬಾ ಎಂದು ಹೆಡ್ ಮಿಸ್ ವಾಪಸ್ಸು ಕಳಿಸಿದರು. ಮಾರನೇ ದಿನ ಅಪ್ಪ ಕೆಲಸಕ್ಕೆ ಹೋಗದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸ್ಕೂಲಿಗೆ ಹೋದ. ಕಾಮಾಲೆಯ ಮಾತನ್ನು ಅಲ್ಲಿ ಯಾರೂ ನಂಬಲಿಲ್ಲವಂತೆ. ಅವನು ತಿರುಗಿ ಬಂದಾಗ ಆಯಾ ಎಂದಿನಂತೆ ಬಾಗಿಲಲ್ಲಿದ್ದಳು. ಅವನು ಅವಳ ಮೊರವನ್ನು ಕಾಲಿನಿಂದ ಒದ್ದ. ಕಾಳು ಗಲ್ಲಿಯವರೆಗೆ ಚೆಲ್ಲಿದವು. ಅಪ್ಪ ತನ್ನ ತಾಯಿಯೆದುರು ದನಿ ಎತ್ತಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮನೆಯ ಮಾತೆಲ್ಲ ತಮಿಳಿನಲ್ಲೇ ನಡೆದದ್ದು, ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

‘ಯಾರನ್ನ ಕೇಳಿ ಬಿಡಿಸ್ದೆ? ಟೀಚರ್ ಮನೆ ಬಾಗಿಲಿಗೆ ಬಂದ್ರೆ ನಾನೇ ಬಿಡಿಸ್ದೆ ಅಂದ್ಯಂತೆ.’

‘ಯಾವ ಟೀಚರ್? ನಾನ್ಯಾಕೆ ಹಾಗೆ ಹೇಳ್ಲಿ?’

‘ದಿನಾ ಅದನ್ನೇ ತಾನೆ ಹೇಳ್ತಿದ್ದೆ. ಸಾಕು, ಸಾಕು, ಸಾಕು.’

ಅದು ನಿಜವಾಗಿತ್ತು. ಆಯಾ, ಯಾರೋ ಹೆಂಗಸು ಕಾಳು ಕೇಳಲು ಬಂದಿದ್ದಳು ಎಂದು ಏನೋ ನೆನಪು ಮಾಡಿಕೊಳ್ಳಲು ನೋಡಿದಳು. ಅಪ್ಪ ಕೇಳಿಸಿಕೊಳ್ಳಲಿಲ್ಲ. ಆಗ ಅವಳು ಪರದೆಯ ಪಕ್ಕ ನಿಂತಿದ್ದ ನನ್ನ ಕಡೆ ಕೈ ತೋರಿಸಿದಳು.

‘ಇವಳು ಒಳಗೇ ಇದ್ಲಲ್ಲ. ಇವಳನ್ನ ಕೇಳು, ನಾನ್ ಹೇಳಿದ್ನಾ ಅಂತ.’

ಇಬ್ಬರೂ ನನ್ನ ಮುಖ ನೋಡಿದರು.

‘ನಾನು ಮಲಗಿದ್ದೆ,’ ಅಂದೆ.

ತಮಿಳಿನಲ್ಲೂ ಕನ್ನಡದಲ್ಲೂ ಆ ಮಾತಿಗೆ ಎರಡರ್ಥ. ಚಾಪೆಯ ಮೇಲೆ ಒರಗಿದ್ದೆ ಎಂದೂ ಆಗುತ್ತದೆ, ನಿದ್ದೆ ಮಾಡುತ್ತಿದ್ದೆ ಎಂದೂ ಆಗುತ್ತದೆ. ಸುಳ್ಳು ಹೇಳಿದಂತಾಗಬಾರದು ಎಂದು ಆ ಮಾತನ್ನು ಆರಿಸಿಕೊಂಡಿದ್ದೆ. ಆಯಾ ಬಗ್ಗಿ ಚೆಲ್ಲಿದ ಕಾಳನ್ನು ಒಂದೊಂದಾಗಿ ಆಯತೊಡಗಿದಳು. ಕೊನೆಗೆ ಅಪ್ಪನೂ ಅವಳ ಜೊತೆ ಕೂತು ಆಯ್ದ. ನಾನು ಪರದೆಯ ಪಕ್ಕದಿಂದ ಕದಲಲಿಲ್ಲ.

ವಿಮಲಾ ಮಿಸ್ ಕೆಟ್ಟವರಾಗಿರಲಿಲ್ಲ. ನನಗೋಸ್ಕರ ಆಫೀಸಿಗೆ ಎರಡು ಸಲ ಅಲೆದರು. ಅರ್ಜಿ ಕೊಟ್ಟರೆ ಹೆಸರು ಸೇರಿಸುತ್ತಾರಂತೆ, ಆದರೆ ಸ್ಕೂಲು ಬಿಡಿಸಿದವರು ಇನ್ನು ಬಿಡಿಸುವುದಿಲ್ಲ ಎಂದು ಸಹಿ ಹಾಕಿಕೊಡಬೇಕು ಎಂದರು. ಅರ್ಜಿಯ ಒಕ್ಕಣೆ ಅವರೇ ಹೇಳಿದರು, ನಾನು ಸ್ಟಾಫ್ ರೂಮಿನ ಮೇಜಿನ ತುದಿಯಲ್ಲಿ ನಿಂತು ಬರೆದೆ. ನನ್ನ ಅಜ್ಜಿಯವರು ತಿಳಿಯದೆ ನನ್ನನ್ನು ಶಾಲೆ ಬಿಡಿಸಿದ್ದು ನಿಜವಾಗಿರುತ್ತದೆ. ಇದು ಅದರ ಎರಡನೇ ಸಾಲು. ನಿಜವಾಗಿರುತ್ತದೆ ಎಂಬಲ್ಲಿ ಪೆನ್ನು ನಿಂತಿತು. ಮಿಸ್ ನನಗೆ ಕಾಗುಣಿತ ತಿಳಿಯಲಿಲ್ಲವೆಂದುಕೊಂಡು ಬಿಡಿಸಿ ಹೇಳಿದರು. ಬರೆದೆ. ಅಕ್ಷರ ಮುತ್ತಿನ ಹಾಗಿದೆ ಎಂದು ಬೆನ್ನು ತಟ್ಟಿದರು.

ಮನೆಯಲ್ಲಿ ಅದನ್ನು ಅಪ್ಪನಿಗೆ ಓದಿ, ತಮಿಳಿನಲ್ಲಿ ಅರ್ಥ ಹೇಳಿದೆ. ಆಯಾ ಗೋಡೆಗೊರಗಿ ಕೇಳುತ್ತಿದ್ದಳು. ಎರಡನೇ ಸಾಲಿಗೆ ಬಂದಾಗ ನನ್ನ ದನಿ ಇಳಿಯಿತು. ಅಪ್ಪ ಜೋರಾಗಿ ಓದು ಅಂದ. ಇನ್ನೊಮ್ಮೆ ಓದಿದೆ. ಆಯಾ ಈ ಸಲ ಇಲ್ಲ ಎನ್ನಲಿಲ್ಲ.

‘ಇದಕ್ಕೆ ಒತ್ತಿದ್ರೆ ಪರೀಕ್ಷೆಗೆ ಕೂರಿಸ್ತಾರಾ?’

ಕೂರಿಸುತ್ತಾರೆ ಎಂದೆ. ಅವಳು ಕೈ ಮುಂದೆ ಚಾಚಿದಳು. ಮನೆಯಲ್ಲಿ ಶಾಯಿಯ ಪ್ಯಾಡು ಇರಲಿಲ್ಲ, ನನ್ನ ಪೆನ್ನಿನ ಶಾಯಿಯನ್ನೇ ಅವಳ ಹೆಬ್ಬೆರಳಿಗೆ ಸವರಿದೆ. ಅವರೆಯ ಕಪ್ಪಿನ ಮೇಲೆ ಶಾಯಿ ಹತ್ತಲು ಸಮಯ ಹಿಡಿಯಿತು. ನಾನು ಅವಳ ಬೆರಳನ್ನು ಹಿಡಿದು ಕಾಗದದ ಮೇಲೆ ಒತ್ತಿಸಿದೆ. ಹೇಳುವುದಾದರೆ ಅದೇ ಸಮಯವಾಗಿತ್ತು, ಅವಳ ಕೈ ನನ್ನ ಕೈಯಲ್ಲಿತ್ತು. ಪರೀಕ್ಷೆ ತಪ್ಪಿಹೋಗು‍ತ್ತದೆ ಎಂಬ ಹೆದರಿಕೆ ಈಗ ನನಗೂ ಹುಟ್ಟಿತ್ತು, ನಿಜ ಹೇಳಿದರೆ ಅರ್ಜಿಯೇ ಕೆಡುತ್ತದೆ. ಬಾಯಿ ಬಿಡಲಿಲ್ಲ.

ನಾನು ಪರೀಕ್ಷೆ ಬರೆದೆ, ಪಾಸಾದೆ. ಅಪ್ಪ ಅಂಗಡಿಯವರಿಗೆಲ್ಲ ಲಾಡು ಹಂಚಿದ. ಆಯಾಳಲ್ಲಿ ಒಂದು ಬದಲಾವಣೆ ಆದದ್ದನ್ನು ಗಮನಿಸಲು ನನಗೂ ಕೆಲವು ದಿನ ಬೇಕಾದವು. ಅವಳು ಕನ್ನಡ ಮಾತಾಡುವುದನ್ನು ನಿಲ್ಲಿಸಿದ್ದಳು. ಹಾಲಿನವನು ಬಂದರೆ ಒಳಗೆ ಎದ್ದು ಹೋಗುತ್ತಿದ್ದಳು. ಅವರೆಯ ವ್ಯಾಪಾರಿ ಲೆಕ್ಕ ಕೇಳಿದರೆ ನನ್ನನ್ನು ಕೂಗಿ ತಮಿಳಿನಲ್ಲಿ ಹೇಳುತ್ತಿದ್ದಳು, ನಾನು ಕನ್ನಡದಲ್ಲಿ ಹೇಳಬೇಕು. ಏನಜ್ಜಿ, ನನ್ ಹತ್ರ ಮಾತು ಬಿಟ್ಟುಬಿಟ್ಯಾ ಎಂದು ಅವನು ತಮಾಷೆ ಮಾಡುತ್ತಿದ್ದ. ಅಮ್ಮ ಇದು ಮುದುಕಿಯ ಕೋಪ, ತಾನಾಗಿ ಇಳಿಯುತ್ತದೆ ಅಂದಳು. ಇಳಿಯಲಿಲ್ಲ. ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಎಷ್ಟು ದಿನದಿಂದ ಮಂಜಾಗಿದೆ ಎಂದು ಕೇಳಿದರೆ, ಮಾತು ಚೆನ್ನಾಗಿ ಅರ್ಥವಾಗಿದ್ದರೂ ನನ್ನ ಕಡೆ ತಿರುಗಿ ‘ನೀ ಸೊಲ್ಲು’ ಅಂದಳು. ನೀನು ಹೇಳು. ದಿನಕ್ಕೆ ಹತ್ತು ಸಲ ಆ ಮಾತು ಕೇಳುತ್ತಿದ್ದೆ. ಪ್ರತಿ ಸಲವೂ ಅವಳು ಬೇರೆ ಏನನ್ನೋ ಹೇಳು ಅನ್ನುತ್ತಿದ್ದಾಳೆ ಎಂದು ನನಗನ್ನಿಸುತ್ತಿತ್ತು. ಕೋಪದಿಂದ ಹಾಗೆ ಮಾಡುತ್ತಿದ್ದಾಳೆ, ನನಗೆ ಶಿಕ್ಷೆ ಕೊಡುತ್ತಿದ್ದಾಳೆ ಎಂದೇ ನಾನು ಐದು ವರ್ಷ ತಿಳಿದಿದ್ದೆ.

ಪಿಯುಸಿ ಮುಗಿದು ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿದ ಕಾಗದ ಬಂದದ್ದು ಒಂದು ಮಧ್ಯಾಹ್ನ. ಮನೆಯಲ್ಲಿ ನಾವಿಬ್ಬರೇ. ಆಯಾ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕಾಗದವನ್ನು ಅವಳಿಗೆ ಓದಿ ಹೇಳಿದೆ. ಅವಳು ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು, ಬೆರಳು ಬೆಳ್ಳುಳ್ಳಿ ನಾರುತ್ತಿತ್ತು. ಟೀಚರಮ್ಮಾ ಅಂದಳು. ನನಗೆ ತಡೆಯಲಾಗಲಿಲ್ಲ. ಅವಳ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಆ ಸಂಜೆ ನಾನು ನಿದ್ದೆ ಮಾಡುತ್ತಿರಲಿಲ್ಲ, ಬಂದವರು ನಮ್ಮ ಮಿಸ್, ಅವರು ಕೇಳಿದ್ದೇನು, ನೀನು ತಿಳಿದದ್ದೇನು, ಯಾವ ಮಾತು ಎಲ್ಲಿ ತಪ್ಪಿತು. ಕನ್ನಡ ಮೇಷ್ಟ್ರ ಹಾಗೆ ಪದ ಪದವಾಗಿ ಬಿಡಿಸಿ ಹೇಳಿದೆ. ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವಳು ಕೈಯಲ್ಲಿದ್ದ ಬೆಳ್ಳುಳ್ಳಿಯನ್ನು ಕೆಳಗಿಟ್ಟಳು.

‘ಹಾಗಾದ್ರೆ ನಾನು ಹೇಳ್ಲಿಲ್ಲ?’

‘ಇಲ್ಲ ಆಯಾ. ನೀನು ಹೇಳ್ಲಿಲ್ಲ.’

‘ಮನಸ್ಸಲ್ಲಿ ಇತ್ತು ಕಣೇ. ನೀನು ಸ್ಕೂಲ್ ಬಿಡ್ಲಿ ಅಂತ ಇದ್ದಿದ್ದು ನಿಜ. ಅದಕ್ಕೇ ಬಾಯಿಗೆ ಬಂದ್ಬಿಟ್ಟಿರ್ಬೇಕು ಅಂದ್ಕೊಂಡೆ. ಗೊತ್ತಿಲ್ಲದ ಭಾಷೇಲಿ ಏನ್ ಹೇಳ್ತೀನೋ ನನಗೇ ತಿಳೀದಲ್ಲ ಅಂತ ಭಯ ಆಗೋಯ್ತು.’

ಕೋಪವಲ್ಲ. ಐದು ವರ್ಷ ಅವಳು ತನ್ನ ನಾಲಿಗೆಗೆ ಹೆದರಿ ಬದುಕಿದ್ದಳು. ಮೊಮ್ಮಗಳ ಓದು ಕೆಡಿಸಿದವಳು ತಾನೇ ಎಂದು ಅವಳು ನಂಬಿಬಿಟ್ಟಿದ್ದಳು. ಅಪ್ಪ ಬೈದದ್ದಕ್ಕೆ ನಂಬಿದವಳಲ್ಲ; ಇವಳನ್ನು ಕೇಳು ಅಂದಾಗ ನಾನು ಇಲ್ಲವೆನ್ನಲಿಲ್ಲವಲ್ಲ, ಅದಕ್ಕೆ ನಂಬಿದ್ದಳು. ನಾನು ಅವಳ ಮಡಿಲಿಗೆ ತಲೆಯಿಟ್ಟು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ತಲೆಯನ್ನು ಸರಿಸಲೂ ಇಲ್ಲ. ಮತ್ತೆ ಮತ್ತೆ ಅದೊಂದನ್ನೇ ಕೇಳಿದಳು, ನಾನು ಹೇಳಲಿಲ್ಲವಲ್ಲ, ನಿಜ ತಾನೆ ಎಂದು. ಪ್ರತಿ ಸಲವೂ ಉತ್ತರ ಕೊಟ್ಟೆ.

ಅಪ್ಪ ಎಂದಿನ ಹೊತ್ತಿಗೇ ಬಂದ. ಅವನು ಟಿಫನ್ ಕ್ಯಾರಿಯರ್ ಕೆಳಗಿಡುವ ಮೊದಲೇ ಆಯಾ ಗೋಡೆ ಹಿಡಿದು ಎದ್ದು ಅವನೆದುರು ನಿಂತಳು. ನನ್ನ ಸೀಟಿನ ಸುದ್ದಿ ಹೇಳುತ್ತಾಳೆಂದು ಅವನು ನಗುತ್ತಲೇ ಕಾದ.

‘ಅವತ್ತು ನಾನು ಹೇಳ್ಲಿಲ್ಲ ಕಣೋ. ನಾನು ಹೇಳಿರ್ಲೇ ಇಲ್ಲ. ಬೇಕಾದ್ರೆ ಇವಳನ್ನ ಕೇಳು.’

ಅಪ್ಪ ಅವಳನ್ನು ನೋಡಿದ, ನನ್ನನ್ನು ನೋಡಿದ.

‘ಯಾವತ್ತಮ್ಮ? ಏನು ಹೇಳ್ಲಿಲ್ಲ?’

ಅವನು ಬೇಕೆಂದು ಕೇಳುತ್ತಿರಲಿಲ್ಲ. ಅವನಿಗೆ ಅದೆಲ್ಲ ಮರೆತೇಹೋಗಿತ್ತು.